ಕಪ್ಪು ತೆರೆಯ ನಾಲ್ಕನೆಯ ಪಾತ್ರ

ತಳಶಕೆ ೨೩೮, ಹದಿನೇಳನೆಯ ತಿಂಗಳ ಮೂರನೆಯ ದಿನ

‘ನಾಲ್ವರು’ ಎಂಬ ಕಂಪ್ಯೂಟರ್ ಆಟವನ್ನು ರಚಿಸಿದವರಿಗೆ,

ನಮಸ್ಕಾರಗಳು. ಸೂರ್ಯನನ್ನು ಕಾಣದ ನಾವು ನೀರೆತ್ತುವ ಯಂತ್ರದ ಸರದಿಗಳಿಂದ ತಿಂಗಳುಗಳನ್ನು ಎಣಿಸುತ್ತೇವೆ. ಆದ್ದರಿಂದ ಮೇಲಿನ ದಿನಾಂಕ ನಿಮಗೆ ಅಸಂಬದ್ಧವೆನಿಸಬಹುದು. ನನ್ನ ಮಾತಿನಲ್ಲಿಯೂ ನಿಮ್ಮ ಕಾಲಕ್ಕೆ ಒಗ್ಗದ ಪದಗಳಿದ್ದರೆ ಮನ್ನಿಸಿ. ಪತ್ರವನ್ನು ಕಾಲದ ಹಿಂದಕ್ಕೆ ಒಯ್ಯುವ ‘ಹಿಂದೋಟದ ತಂತಿ’ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ಊರು ತಲೆಮಾರುಗಳಿಂದ ಕಾದಿರಿಸಿದ್ದ ಆ ಒಂದು ಅವಕಾಶವನ್ನು ಇಂದು ನನಗೆ ಕೊಟ್ಟಿದೆ.

ನಾನು ರುದ್ರಾಂಬಿಕೆ. ವಯಸ್ಸು ಹತ್ತೊಂಬತ್ತು. ನಿಮ್ಮ ಆಟವನ್ನೇ ಪಾಠವಾಗಿ ಕಲಿಸುವ ಆಟಶಾಲೆಯಲ್ಲಿ ನಾಲ್ಕು ವರ್ಷವೂ ಮೊದಲ ಸ್ಥಾನ ನನ್ನದೇ. ಮೇಲಿನ ಬಿಸಿಲು ಬದುಕಗೊಡದಾದಾಗ ನಮ್ಮ ಪೂರ್ವಿಕರು ರಾಯಚೂರು ಸೀಮೆಯ ಹಳೆಯ ಚಿನ್ನದ ಗಣಿಯೊಳಕ್ಕೆ ಇಳಿದರು. ಇಲ್ಲಿ ಅಣಬೆ ಹಿಟ್ಟಿನ ರೊಟ್ಟಿ ತಿನ್ನುತ್ತೇವೆ. ಬಟ್ಟೆಯನ್ನು ಬಂಡೆಯ ಕಾವಿನಲ್ಲಿ ಒಣಗಿಸುತ್ತೇವೆ. ಅರವತ್ತು ವರ್ಷಗಳಿಂದ ‘ಮೌನಪಾಳಿ’ಯನ್ನು ಪಾಲಿಸುತ್ತೇವೆ, ಅಂದರೆ ಸದ್ದಿಗೆ ಸಡಿಲ ಬಂಡೆ ಉದುರದಂತೆ ದಿನದ ಬಹುಪಾಲು ಬಾಯಿ ಬಿಗಿಹಿಡಿದಿರುತ್ತೇವೆ. ಇದೇ ಗಣಿಯಲ್ಲಿ ಓಡಾಡಿ, ಇದರ ಸುರಂಗಗಳನ್ನೇ ಇಟ್ಟು ನೀವು ಆಟ ಕಟ್ಟಿದಿರಿ. ನಿಮಗದು ವಿನೋದ, ನಮಗದು ಏಕೈಕ ನಕ್ಷೆ. ಬಂಡೆ ಒಡೆಯುವ ದುರುಗಪ್ಪ, ಸಂದಿಯಲ್ಲಿ ನುಸುಳುವ ಸಣ್ಣೀರ, ನೀರಿನಡಿ ಈಜುವ ಗಂಗೆ: ಒಬ್ಬರಿಗೆ ಗೋಡೆಯಾದದ್ದು ಇನ್ನೊಬ್ಬರಿಗೆ ಬಾಗಿಲು. ಆದ್ದರಿಂದಲೇ ಮಕ್ಕಳು ಆಟ ಮುಗಿಸಿದ ಮೇಲೂ ಪಾತ್ರ ಬದಲಿಸಿ ಮತ್ತೆ ಆಡುತ್ತಾರೆ.

ನಾಲ್ಕನೆಯವಳು ಯಮನವ್ವ. ಅವಳನ್ನು ಆರಿಸಿದರೆ ಯಂತ್ರದ ತೆರೆ ಕಪ್ಪಾಗಿಯೇ ಉಳಿಯುತ್ತಿತ್ತು. ಕಡತ ಕೆಟ್ಟಿದೆಯೆಂದು ತೀರ್ಮಾನಿಸಿ, ಜಾಗ ಉಳಿಸಲೆಂದು, ಕಳೆದ ವರ್ಷ ನಾನು ಅವಳನ್ನು ಅಳಿಸಿಹಾಕಿದೆ. ಬೇರೆ ಪ್ರತಿ ಇರಲಿಲ್ಲ. ಆ ಕೆಲಸಕ್ಕೆ ನನಗೆ ಪದಕ ದೊರೆಯಿತು.

ನಿನ್ನೆ ಬಂಡೆ ಕುಸಿಯಿತು. ಇಪ್ಪತ್ತಮೂರು ಮಕ್ಕಳು ಆಚೆ ಸಿಲುಕಿದ್ದಾರೆ. ಅವರಲ್ಲಿ ಒಬ್ಬಳು ನನ್ನ ಒಂಬತ್ತು ವರ್ಷದ ತಂಗಿ ಚಂಪಾವತಿ. ನಾನು ಬಲ್ಲ ಮೂರು ಪಾತ್ರಗಳ ದಾರಿಗಳೂ ಮುಚ್ಚಿವೆ. ಉಳಿದ ನಾಲ್ಕನೆಯ ಸುರಂಗದಲ್ಲಿ ಕಿಡಿ ತಾಕಿದರೆ ಸಿಡಿಯುವ ಅನಿಲ ತುಂಬಿದೆ, ದೀಪ ಒಯ್ಯುವಂತಿಲ್ಲ. ಆಗ ಶಾಲೆಯ ಅಡುಗೆಮನೆಯ ಹುಲಿಗೆಮ್ಮಜ್ಜಿ ಮುಂದೆ ಬಂದು, ಎಲ್ಲರ ಎದುರಿಗೇ ನನ್ನನ್ನು ಕೇಳಿದರು:

“ಯಮನವ್ವನ್ನ ಅಳಿಸಿದಾಕಿ ನೀನೇನು? ಆಕಿ ಕುರುಡಿ ಇದ್ಲವಾ! ಆಕಿ ಆಟದಾಗ ತೆರಿ ಕರ್ರಗ ಇರದ ಬೆಳ್ಳಗಿರ್ತದೇನು? ಕೇಳ್ಕೋಂತ ಆಡೋ ಆಟ ಅದು. ಕಿವಿ ಮನ್ಯಾಗ ಇಟ್ಟು ಬಂದಿದ್ದೇನು, ಫಸ್ಟ್ ಕ್ಲಾಸಿನಾಕಿ?”

ನಮ್ಮ ಯಂತ್ರಗಳಿಗೆ ಸ್ಪೀಕರ್ ಇಲ್ಲ. ಮೌನಪಾಳಿ ಬಂದಾಗ ಕಿತ್ತುಹಾಕಿದ್ದರು. ಅಜ್ಜಿ ಅದಕ್ಕೂ ಮೊದಲು ಆಡಿದವರು. ದಾರಿ ತಿಳಿದಿದೆಯೇ ಎಂದು ಅವರ ಕಾಲು ಹಿಡಿದೆ.

“ಮೂರು ತಿರುವು ಗೊತ್ತದ. ನಾಕನೇದಕ್ಕ ಬಂದಾಗ ನಮ್ಮವ್ವ ಉಣ್ಣಾಕ ಕರದ್ಲು, ಎದ್ದು ಹೋದೆ. ಮತ್ತ ಆಡೋದ್ರಾಗ ಮಷೀನಿನ ಬಾಯಿ ಮುಚ್ಚಿಸಿದ್ರು. ಅಲ್ಲೊಂದು ಕಡಿ ಕೆಟ್ಟ ಗಾಳಿ ಅದ, ಹೊಕ್ಕಾಕಿ ತಿರುಗಿ ಬರಂಗಿಲ್ಲ. ನಮ್ಮಣ್ಣ ಎರಡು ಸಲ ಸತ್ತಿದ್ದ. ಯಾ ಕಡಿ ಅಂತ ಹೇಳ್ಲೇ ಇಲ್ಲ, ಸುಡುಗಾಡು.”

ಅವರ ಅಣ್ಣ ಸತ್ತು ಮತ್ತೆ ಆಡಿದ. ನಮಗೆ ಆ ಸೌಲಭ್ಯವಿಲ್ಲ. ಮಕ್ಕಳ ಬಳಿ ಇನ್ನು ಐದು ಗಂಟೆಗಳ ಗಾಳಿಯಿದೆ.

ಮಾನ್ಯರೇ, ನಿಮ್ಮ ಕಪ್ಪು ತೆರೆ ದೋಷವಾಗಿರಲಿಲ್ಲ. ಅದು ಅವಳ ಕಣ್ಣಾಗಿತ್ತು. ಒಂದು ಪಾತ್ರಕ್ಕೆ ಏನು ಸಾಧ್ಯವಿಲ್ಲ ಎಂಬುದರಿಂದಲೇ ಅದರ ದಾರಿ ಹುಟ್ಟುತ್ತದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಆದರೂ ಅವಳನ್ನು ಗುರುತಿಸಲಿಲ್ಲ. ಕ್ಷಮೆಯನ್ನು ಆಮೇಲೆ ಕೇಳುತ್ತೇನೆ. ಈಗ ನಿಮ್ಮಲ್ಲಿ ಬೇಡುವುದು ಇಷ್ಟೇ. ಇಂದೇ ಗಣಿಗೆ ಇಳಿಯಿರಿ. ಯಮನವ್ವನ ನಾಲ್ಕನೆಯ ತಿರುವಿನಲ್ಲಿ, ಸೊಂಟದೆತ್ತರಕ್ಕೆ, ಬಂಡೆಯಲ್ಲಿ ಗುರುತು ಕೊರೆಯಿರಿ: ಎಡಕ್ಕೆ ಹೋಗುವುದಾದರೆ ಒಂದು ಗೆರೆ, ಬಲಕ್ಕಾದರೆ ಎರಡು. ಬಣ್ಣ ಬಳಿಯಬೇಡಿ, ನಮಗೆ ಕಾಣದು. ಆಳವಾಗಿ ಕೊರೆಯಿರಿ, ಅದು ನಮ್ಮ ತನಕ ಉಳಿಯಬೇಕು.

ಅಜ್ಜಿ ತಮ್ಮ ಸೆರಗನ್ನು ನನ್ನ ಮಣಿಕಟ್ಟಿಗೆ ಬಿಗಿಯುತ್ತಿದ್ದಾರೆ. ನಾವು ಹೊರಟೆವು. ಆ ತಿರುವನ್ನು ತಲುಪಿದಾಗ ನನ್ನ ಅಂಗೈ ಆ ಗೋಡೆಯನ್ನು ತಡವುತ್ತಿರುತ್ತದೆ.

ರುದ್ರಾಂಬಿಕೆ