ಅಂಕಪಟ್ಟಿಯಲ್ಲಿಲ್ಲದ ಅಪ್ಪ

ಫತೇಗಂಜ್, ವಡೋದರಾ
೮–೯–೧೯೯೬

ಚಿರಂಜೀವಿ ಗಿರಿಗೆ ಅಣ್ಣನ ಆಶೀರ್ವಾದಗಳು.

ಬೆನ್ನುನೋವು ಹೇಗಿದೆ? ತಾರಾ, ಮಕ್ಕಳು ಆರೋಗ್ಯವೇ? ಇಲ್ಲಿ ನಿನ್ನ ಅತ್ತಿಗೆ ರಜನಿ ಚೆನ್ನಾಗಿದ್ದಾಳೆ.

ಸೂರತ್ ಬಳಿಯ ಸಚಿನ್ ಊರಿನ ನಿಮ್ಮ ಕಾರ್ಖಾನೆಯಲ್ಲಿ ಡಾಕ್ಟರು ಎಲ್ಲರ ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ, ಸಿಗರೇಟು ನೋಡಿ ಅಂಕ ಹಾಕಿದರೆಂದೂ, ನಿನಗೆ ಕಡಿಮೆ ಬಂದದ್ದರಿಂದ ಹೃದಯದ ಭಯವಿಲ್ಲವೆಂದೂ ನೀನು ಫೋನಿನಲ್ಲಿ ಹೇಳಿ ನಕ್ಕೆ. "ಕಡಿಮೆ ಅಂಕ ತಗೊಂಡು ನಿಮ್ಮ ತಮ್ಮ ಕುಣಿದಿದ್ದು ಇದೇ ಮೊದಲಲ್ಲ ಬಿಡಿ" ಎಂದಳು ರಜನಿ. ನನಗೆ ನಗು ಬರಲಿಲ್ಲ. ಮ್ಯಾನೇಜರ್ ಪಕ್ಕದಲ್ಲಿದ್ದರೆಂದು ನೀನು ಆ ಡಾಕ್ಟರಿಗೆ ಸಿಗರೇಟು ಸೇದುವುದಿಲ್ಲ ಎಂದೆಯಂತೆ. ಹೇಳಿದವಳು ತಾರಾ, ಅವಳ ಮೇಲೆ ಸಿಟ್ಟಾಗಬೇಡ. ಆ ಪಟ್ಟಿಯ ಬಗ್ಗೆ ಇಲ್ಲಿನ ಡಾಕ್ಟರನ್ನು ಕೇಳಿದೆ. ಹೃದಯದ ನಾಳ ಕಟ್ಟಿಕೊಳ್ಳುವ ಸಂಭವ ಅಂದಾಜು ಮಾಡಲು ಅದು ಒಳ್ಳೆಯದೇ ಅಂತೆ. ಹೆಚ್ಚು ಅಂಕದವರಲ್ಲಿ ಮಹಾಪಧಮನಿ, ಅಂದರೆ ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ, ಉಬ್ಬಿ ಒಡೆಯುವ ಅಪಾಯವೂ ಹೆಚ್ಚಿರಬಹುದು. ಆದರೆ ಕಡಿಮೆ ಬಂದವರಿಗೆ ಅದು ಆಗುವುದೇ ಇಲ್ಲ ಎನ್ನಲಾಗದು. ಅಪ್ಪ ಹೇಗೆ ಹೋದರು ಎಂದು ಆ ಪಟ್ಟಿ ಕೇಳುವುದೂ ಇಲ್ಲ.

ಅಪ್ಪನಿಗೆ ಸೊಂಟದಿಂದ ಹೊಟ್ಟೆಗೆ ನೋವು ಹಿಡಿದ ದಿನ ನಾವೆಲ್ಲ ಮೂತ್ರದ ಕಲ್ಲು ಎಂದುಕೊಂಡೆವು. ಅಮ್ಮ ಬಾಳೆದಿಂಡಿನ ರಸ ಹಿಂಡಿಕೊಟ್ಟಳು. "ಒಂದು ಚಿಟಿಕೆ ಉಪ್ಪಾದರೂ ಹಾಕಬಾರದೇನೇ?" ಎಂದು ಗೊಣಗುತ್ತ ಕುಡಿದರು. ಸಂಜೆಗೆ ಅವರಿರಲಿಲ್ಲ. ಅದು ಕಲ್ಲಾಗಿರಲಿಕ್ಕಿಲ್ಲ, ಆ ನಾಳವೇ ಒಡೆದಿರಬಹುದು ಎನ್ನುತ್ತಾರೆ ಈ ಡಾಕ್ಟರು. ಈಗ ಬೆನ್ನುನೋವಿಗೆ ನೀನೂ ಬಾಳೆದಿಂಡು ಹುಡುಕಿಸುತ್ತಿದ್ದೀಯಂತೆ. ಸಾಕು ಮಾಡು ಮಾರಾಯ. ಈ ಕಾಗದ ಸಿಕ್ಕಿದ ದಿನವೇ ಸೂರತ್‌ಗೆ ಹೋಗಿ ಹೊಟ್ಟೆಯ ಸೋನೋಗ್ರಫಿ ಮಾಡಿಸು. ಮೂತ್ರಪಿಂಡ ಮಾತ್ರವಲ್ಲ, ಮಹಾಪಧಮನಿಯನ್ನೂ ಅಳೆಯಲು ಹೇಳು. ನೋವು ಜೋರಾದರೆ ಅದಕ್ಕೂ ಕಾಯದೆ ದೊಡ್ಡ ಆಸ್ಪತ್ರೆಗೆ ಓಡು, ಅಪ್ಪನ ವಿಷಯವನ್ನೇ ಮೊದಲು ಹೇಳು. ಸಿಗರೇಟಿನ ನಿಜವನ್ನೂ.

ತಾರಾಗೆ, ಮಕ್ಕಳಿಗೆ ನಮ್ಮಿಬ್ಬರ ಹಾರೈಕೆ.

ನಿನ್ನ ಅಣ್ಣ,
ಮಲ್ಲಿಕಾರ್ಜುನ

ತಾ.ಕ.: ಸೂರತ್ ರೈಲಿಗೆ ಹೊರಟ ಪಕ್ಕದ ಮನೆಯ ಅನಿಲ್ ಬಾಗಿಲಲ್ಲಿ ನಿಂತಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ರಜನಿಗೆ ಕೇಳಿಸುತ್ತದೆ. ಅಪ್ಪನ ವಿಷಯ ತಿಳಿದ ಕೂಡಲೇ ಡಾಕ್ಟರು ನನಗೂ ಸೋನೋಗ್ರಫಿ ಮಾಡಿಸಿದರು. ಎರಡು ಸೆಂಟಿಮೀಟರ್ ಇರಬೇಕಾದ ನಾಳ ಆರಕ್ಕೆ ಉಬ್ಬಿದೆ. ನಾನು ಸಿಗರೇಟು ಮುಟ್ಟಿದವನಲ್ಲ, ನನ್ನ ಅಂಕವೂ ಕಡಿಮೆಯೇ. ಗುರುವಾರ ಅಹಮದಾಬಾದಿನಲ್ಲಿ ಆಪರೇಷನ್. ರಜನಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಆಸ್ಪತ್ರೆಯಲ್ಲಿ ಅವಳ ಜೊತೆ ನೀನಿರಬೇಕು. ಆದರೆ ನಿನ್ನದನ್ನು ಅಳೆಸಿಕೊಳ್ಳದೆ ಬರಬೇಡ.