ಸ್ಟೇಷನ್ ಅಮ್ಮ

ಮಾರ್ಚ್ ೧೭, ಭಾನುವಾರ

ಮಗಳೇ,

ನೀನು ಚೆನ್ನಾಗಿದ್ದೀಯ ಎಂದುಕೊಳ್ಳುತ್ತೇನೆ. ಮೊದಲೇ ಬರೆಯಬೇಕಿತ್ತು, ತಡವಾಯಿತು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು; ಈಗ ನನ್ನ ಹತ್ತಿರ ಇರುವುದು ಅದೊಂದೇ. ನೀನು ಫೋನ್ ಎತ್ತುತ್ತಿಲ್ಲ. ಮನೆಯಲ್ಲೂ ಇಲ್ಲ ಎಂದು ಅಳಿಯ ಹೇಳಿದ. ಗೆಳತಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಹೇಗಾದರೂ ತಲುಪಿಸುತ್ತಾಳೆ ಎಂದು. ಫೋನ್ ಎತ್ತದಿದ್ದದ್ದೇ ಒಳ್ಳೆಯದಾಯಿತು ಬಿಡು. ಅದರಲ್ಲಿ ನನ್ನ ದನಿ ಕೇಳಿಸುತ್ತದೆ, ಆ ದನಿಯನ್ನು ಈಗ ನಾನೇ ನಂಬುತ್ತಿಲ್ಲ. ಕಾಗದಕ್ಕೆ ಆ ಕಾಟವಿಲ್ಲ.

ನಿಮ್ಮಪ್ಪನ ಎಡಗಿವಿ ಪೂರ್ತಿ ಹೋಗಿದೆ. ಡಾಕ್ಟರು ಮಿಷನ್ ಹಾಕಿಸಿಕೊಳ್ಳಿ ಎಂದರೆ, "ಬೇಡ ಬಿಡಿ, ನಮ್ಮನೇಲಿ ಒಂದು ಕಿವಿ ಸಾಕು" ಎಂದರಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ. ನನ್ನ ಗಂಟಲು ಸರಿಯಾಗಿದೆ. ಕಳೆದ ಸಲ ನೀನು ತಂದುಕೊಟ್ಟ ಜೇನು ಮುಗಿಯಿತು. ನಿನ್ನ ಕೋಣೆಯಲ್ಲಿ ಇಸ್ತ್ರಿ ಮೇಜು ಇಟ್ಟಿದ್ದೆನಲ್ಲ, ತೆಗೆಸಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನನ್ನು ಮೈಕಿನ ಮುಂದಿನಿಂದ ಎಬ್ಬಿಸಿದ್ದಾರೆ. ಗಾಡಿಗಳ ಹೊತ್ತು ಹೇಳುತ್ತಿದ್ದವಳು ಈಗ ಜನ ಮರೆತುಹೋದ ಸಾಮಾನು ಕಾಯುವ ಕೋಣೆಯಲ್ಲಿ ಕೂತಿದ್ದೇನೆ: ಕೊಡೆಗಳು, ಟಿಫಿನ್ ಡಬ್ಬಿಗಳು, ಒಂಟಿ ಚಪ್ಪಲಿಗಳು. ಘೋಷಣೆಯನ್ನು ಯಂತ್ರ ಮಾಡುತ್ತದೆ. ಅದರೊಳಗಿರುವ ದನಿ ನನ್ನದೇ, ಹಿಂದೆ ಯಾವಾಗಲೋ ರೆಕಾರ್ಡ್ ಮಾಡಿಕೊಂಡದ್ದು. ನಾನಿಲ್ಲದೆಯೂ ನನ್ನ ಸಿಹಿ ಮಾತು ದಿನವಿಡೀ ನಡೆಯುತ್ತಿದೆ, ನೋಡು. ಬೇಡವಾದದ್ದು ನಾನು ಮಾತ್ರ.

ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳಿಬಿಡುತ್ತೇನೆ. ಮೈಕು ಚಾಲೂ ಇದ್ದಾಗ ಮೇಜಿನ ಮೇಲೆ ಒಂದು ಕೆಂಪು ದೀಪ ಉರಿಯುತ್ತದೆ. ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಕರ್ಚೀಫು ಹೊದಿಸುವುದು ನನ್ನ ರೂಢಿ. ನೀನು ಶಾಲೆಯಲ್ಲಿ ನೀಲಿ ಅಂಚಿನ ಜೋಡಿ ಹೊಲಿದು, ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ನೀನಿಟ್ಟುಕೊಂಡೆಯಲ್ಲ, ಅದೇ. ಇಷ್ಟು ವರ್ಷ ಪಳಗಿದ ಕೈ, ದೀಪ ಯಾಕೆ ನೋಡಬೇಕು ಎಂಬ ಜಂಬ. ಅವತ್ತು ಟಿಕೆಟ್ ಕೌಂಟರಿನವಳು ಹರಟೆಗೆ ಬಂದಿದ್ದಳು. ತನ್ನ ಸೊಸೆಯ ಕಥೆಯೆಲ್ಲ ಹೇಳಿ ಮುಗಿಸಿ, "ನಿಮ್ಮ ಮಗಳು ಹೇಗಿದಾಳಕ್ಕಾ?" ಎಂದಳು. ಅಷ್ಟರಲ್ಲಿ ಒಂದು ಗಾಡಿ ಬಂತು, ಘೋಷಿಸಿದೆ, ಸ್ವಿಚ್ಚು ಆರಿಸಿದೆ ಎಂದುಕೊಂಡು ನಿನ್ನ ವಿಷಯ ಶುರುಮಾಡಿದೆ. ಗಂಡನನ್ನು ಬಿಟ್ಟು ಬರುತ್ತೇನೆಂದು ನೀನು ಫೋನ್ ಮಾಡಿದ್ದು ಅದರ ಹಿಂದಿನ ವಾರ.

ಎಲ್ಲ ಪ್ಲಾಟ್‌ಫಾರಂಗಳೂ ಕೇಳಿಸಿಕೊಂಡವು. ಯಾರೋ ಓಡಿಬಂದು ಬಾಗಿಲು ಬಡಿದಾಗಲೇ ನನಗೆ ಗೊತ್ತಾದದ್ದು. ನೆಲ ಬಾಯಿಬಿಡಬಾರದೇ ಅನ್ನಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಹಾಗೇನೂ ಅನ್ನಿಸಲಿಲ್ಲ. ಒಂದು ಗುಟುಕು ಬಿಸಿನೀರು ಕುಡಿದೆ, ಮುಖಕ್ಕೆ ನಗು ತಂದುಕೊಂಡೆ, ಹೊರಡುವ ಗಾಡಿಯನ್ನು ಘೋಷಿಸಿದೆ. ನಗುಮುಖವಿಲ್ಲದೆ ಮೈಕು ಮುಟ್ಟಬೇಡಿ ಎಂದು ಹೊಸಬರಿಗೆಲ್ಲ ಕಲಿಸಿದವಳಲ್ಲವೇ ನಾನು.

ಮಾರನೆಯ ದಿನ ಸ್ಟೇಷನ್ ಮಾಸ್ತರರು ನಮ್ಮಿಬ್ಬರನ್ನೂ ಕರೆಸಿ ರೆಕಾರ್ಡಿಂಗ್ ಹಾಕಿದರು. ನಾನು ಆಡಿದ್ದು ಒಬ್ಬ ತಾಯಿಯ ಕಳವಳದ ಮಾತು ಎಂದೇ ನನ್ನ ನೆನಪು. ರೆಕಾರ್ಡಿಂಗಿನಲ್ಲಿ ನೋಡಿದರೆ ಯಾರೋ ಹೆಂಗಸು ಉರಿಕಾರುತ್ತಿದ್ದಳು. "ಬರ್ತಾಳಂತೆ, ನನ್ನ ತಲೆ ಮೇಲೆ ಕೂರೋಕೆ. ಹೊಂದ್ಕೊಂಡು ಹೋಗೋದು ಹುಟ್ಟಿದಾಗಿಂದ ಗೊತ್ತಿಲ್ಲ ಅದಕ್ಕೆ. ಅವನಾಗಿದ್ದಕ್ಕೆ ಇಷ್ಟು ದಿನ ಇಟ್ಕೊಂಡ. ನಾನಾಗಿದ್ರೆ ಯಾವತ್ತೋ ಹೊರಗೆ ಹಾಕ್ತಿದ್ದೆ." ನಡುನಡುವೆ ನಗುತ್ತಲೂ ಇದ್ದಳು.

"ಇದು ನಿಮ್ಮದೇ ದನಿ ತಾನೇ, ಮೇಡಂ?" ಎಂದರು ಮಾಸ್ತರರು.

"ನನ್ನದೆಲ್ಲಿ ಸಾರ್! ಇವಳದ್ದು, ಸೊಸೆ ವಿಷಯ" ಎಂದೆ. ದೇವರಾಣೆ, ತಪ್ಪಿಸಿಕೊಳ್ಳಲು ಹೇಳಿದ್ದಲ್ಲ. ನಿಜವಾಗಿ ಹಾಗೆಂದುಕೊಂಡೆ. ಆ ಸೊಸೆಯ ಮೇಲೆ ಕನಿಕರವೂ ಬಂತು, ಪಾಪ, ಇಂಥವಳ ಕೈಗೆ ಸಿಕ್ಕಿದೆಯಲ್ಲ ಎಂದು.

ಕೌಂಟರಿನವಳು ತಲೆ ತಗ್ಗಿಸಿದಳು. "ಅಕ್ಕಾ, ಅದರಲ್ಲಿ ಹೂಂ ಹೂಂ ಅಂತಿರೋಳು ನಾನು" ಎಂದಳು.

ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. "ಅದು ನನ್ನ ದನಿಯಂತೆ ರೀ, ಕೇಳೋಕಾಗ್ಲಿಲ್ಲ" ಎಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ನೀನು ಇವತ್ತು ಕೇಳಿದೆ. ನಾವು ದಿನಾ ಕೇಳ್ತಿದ್ವಿ" ಎಂದರು. ನಾವು ಎಂದರು, ನಾನು ಎನ್ನಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ. ಚಿಕ್ಕವಳಿದ್ದಾಗ ನಾನು ಗದರಿದರೆ ನೀನು ಬಾಗಿಲ ಸಂದಿಯಲ್ಲಿ ನಿಂತು, "ಸ್ಟೇಷನ್ ಅಮ್ಮನ ಥರ ಮಾತಾಡಮ್ಮಾ" ಎನ್ನುತ್ತಿದ್ದೆ. ಅದನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ ನಾನು. ಒಂದು ದಿನವಾದರೂ ಹಾಗೆ ಮಾತಾಡಿದೆನೇ? ಇಲ್ಲ. ಮೈಕಿನ ಮುಂದಿರುವವಳೇ ನಿಜವಾದ ನಾನು, ಮನೆಯಲ್ಲಿ ಕೂಗಾಡುವುದು ನನ್ನ ಆಯಾಸ ಎಂದು ಇಷ್ಟು ವರ್ಷ ನಂಬಿಕೊಂಡು ಬಂದೆ. ಆ ನಗುವನ್ನು ನಾನು ಚಪ್ಪಲಿಯ ಹಾಗೆ ಕೆಲಸಕ್ಕೆ ಹೋಗುವಾಗ ಮೆಟ್ಟಿಕೊಂಡು, ಬಂದಮೇಲೆ ಹೊರಗೇ ಬಿಡುತ್ತಿದ್ದೆ. ಗುರುತಿಲ್ಲದ ಜನಕ್ಕೆಲ್ಲ ಸ್ಟೇಷನ್ ಅಮ್ಮ ಸಿಕ್ಕಳು. ನಿನಗೆ ನಾನು ಸಿಕ್ಕೆ.

ಬರೆದುಕೊಂಡರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಏನೂ ಆಗಲಿಲ್ಲ. ನಾನು ಬದಲಾಗುತ್ತೇನೆ ಎಂದು ಮಾತು ಕೊಡುವ ಧೈರ್ಯವೂ ನನಗಿಲ್ಲ. ನಿನ್ನೆಯೂ ಕೊಡೆ ಕೇಳಲು ಬಂದ ಒಬ್ಬ ಮುದುಕನ ಮೇಲೆ ಹರಿಹಾಯ್ದೆ. ಆದರೂ ಬಾ. ನಿನ್ನ ಮಂಚ ಅಲ್ಲೇ ಇದೆ.

ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಆಶೀರ್ವಾದಕ್ಕೆ ಇನ್ನೂ ಏನಾದರೂ ಬೆಲೆ ಉಳಿದಿದ್ದರೆ ಅದು ಪೂರ್ತಿ ನಿನಗೆ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬೇರೆಯವರಿಂದ ಗೊತ್ತಾಗುವ ಮೊದಲು ಎಂದೆನಲ್ಲ, ನಿನಗೆ ಎಲ್ಲ ಗೊತ್ತಿದೆ, ಅದು ನನಗೂ ಗೊತ್ತು. ಈ ಕೋಣೆಗೆ ಬಂದ ಮೊದಲ ದಿನವೇ ಕಪಾಟಿನಲ್ಲಿ ಒಂದು ಬಟ್ಟೆಚೀಲ ಸಿಕ್ಕಿತು. ಒಳಗೆ ಜೇನಿನ ಬಾಟಲಿ. ಸೋರದ ಹಾಗೆ ಮುಚ್ಚಳಕ್ಕೆ ಕರ್ಚೀಫು ಬಿಗಿದು ಕಟ್ಟಿತ್ತು, ನೀಲಿ ಅಂಚಿನದು. ಪೋರ್ಟರನ್ನು ಕೇಳಿದೆ. "ಬೆಂಚ್ ಮೇಲಿತ್ತಮ್ಮಾ. ಯಾರೋ ಹೆಂಗಸು ದೊಡ್ಡ ಸೂಟ್‌ಕೇಸ್ ಹಿಡ್ಕೊಂಡು ಇಳಿದ್ರು. ಅವತ್ತು ನೀವು ಮೈಕಲ್ಲಿ ಬೈತಿದ್ರಲ್ಲ, ಅದನ್ನ ಕೇಳ್ತಾ ನಿಂತ್ಕೊಂಡ್ರು. ಆಮೇಲೆ ಎದುರಿಗೆ ಹೊರಟಿದ್ದ ಗಾಡಿ ಹತ್ತಿಬಿಟ್ರು" ಎಂದ.

ಆ ಗಾಡಿಯನ್ನೇ ನಾನು ನಗು ತಂದುಕೊಂಡು ಘೋಷಿಸಿದ್ದು. ಕೊನೆಯಲ್ಲಿ, "ನಿಮ್ಮ ಪ್ರಯಾಣ ಸುಖಕರವಾಗಿರಲಿ" ಎಂದೆ. ಚಿಕ್ಕಂದಿನಲ್ಲಿ ನೀನು ಬೇಡಿಕೊಳ್ಳುತ್ತಿದ್ದ ದನಿಯಲ್ಲಿ ನಿನಗೆ ನಾನು ಆಡಿದ್ದು, ಮಗಳೇ, ಅದೊಂದೇ ಮಾತು.