ತಮಟೆ ಚೀಲದಲ್ಲಿ ಬಚ್ಚಿಟ್ಟ ಮಿಷನ್ನು

ಅಕ್ಕಾ, ಸಾಕಮ್ಮಕ್ಕಾ,

ಮೊದಲ ಸಲ ನಿನ್ನ ಪಕ್ಕ ಮಲಗಿದ್ದು ಯಾವುದೋ ಹಳ್ಳಿಯ ಶಾಲೆಯ ಜಗಲಿಯಲ್ಲಿ. ತೊಂಬತ್ತರ ದಶಕ ಆಗಿನ್ನೂ ಶುರುವಾಗಿತ್ತು. ನಾನು ಕಾಲೇಜು ಬಿಟ್ಟು ದಲಿತ ಚಳವಳಿಯ ಹಾಡಿನ ತಂಡಕ್ಕೆ ಸೇರಿದ ಹೊಸತು. ಹಗಲೆಲ್ಲ ಮೈಕಿಲ್ಲದೆ ಇಡೀ ಕೇರಿಗೆ ಕೇಳುವಂತೆ ಹಾಡಿದ ನೀನು ನಿದ್ದೆಯಲ್ಲೂ ಅಷ್ಟೇ ಜೋರು. ನಿನ್ನ ಗೊರಕೆಗೆ ಉಳಿದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನು ನಗಲಿಲ್ಲ, ಏಕೆಂದರೆ ಗೊರಕೆ ನಡುವೆ ನಿಂತುಹೋಗುತ್ತಿತ್ತು. ಉಸಿರೇ ಇಲ್ಲ. ಸತ್ತೇಹೋದಳೇನೋ ಎಂದು ತೋಳು ಹಿಡಿದು ಅಲ್ಲಾಡಿಸಿದರೆ, ಮುಳುಗಿ ಎದ್ದವಳಂತೆ ಗಾಳಿ ಎಳೆದುಕೊಂಡು, "ಏನೇ ನಿಂದು, ಮನೀಕೊ" ಎಂದು ಮಗ್ಗುಲಾದೆ. ಆಮೇಲೆ ಎಷ್ಟೋ ವರ್ಷ ನಿನ್ನ ಪಕ್ಕದ ಜಾಗ ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಅಲ್ಲಾಡಿಸುವುದಕ್ಕೆ ಅಂತ. ಗೊತ್ತಿತ್ತಾ ನಿನಗೆ?

ಮೈಸೂರಿನ ವಿಜಯನಗರದ ಡಾಕ್ಟರ ಮುಂದೆ ನೀನು ತೂಕಡಿಸಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಚಳವಳಿಯ ಹಿತೈಷಿಗಳಾದ ಅವರು ಪರೀಕ್ಷೆ ಮಾಡಿಸಿ, ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆ, ಸ್ಲೀಪ್ ಆಪ್ನಿಯಾ ಅಂದರು. ಮೂಗಿಗೆ ಮಾಸ್ಕು ಹಾಕಿ ರಾತ್ರಿಯಿಡೀ ಗಾಳಿ ಒತ್ತುವ ಮಿಷನ್ನು ಬೇಕು. ಅಗ್ರಹಾರದ ಒಂದು ಮನೆಯಲ್ಲಿ ತೀರಿಹೋದ ಹಿರಿಯರ ಮಿಷನ್ನು ಸುಮ್ಮನೆ ಬಿದ್ದಿತ್ತು, ಮಗಳು ಕೊಟ್ಟರು. ಡಾಕ್ಟರು ಹೊಸ ಮಾಸ್ಕು, ಹೊಸ ಕೊಳವೆ ತರಿಸಿ, ಗಾಳಿಯ ಒತ್ತಡ ನಿನಗೆ ತಕ್ಕಂತೆ ಹೊಂದಿಸಿಕೊಟ್ಟರು. ನೀನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲ ಕಣೇ, ಅಗ್ರಹಾರದೋರ್ ಮೂಗಿಗೆ ಊದಿದ್ ಗಾಳಿ ನಮ್ ಕೆಸರೆ ಕೇರಿ ಮೂಗಿಗೂ ಊದ್ತದಂತೆ. ಈಗ ಮಡಿ ಕೆಟ್ಟಿದ್ದು ಮಿಷನ್ದಾ, ನಂದಾ?" ಅಂದೆ. ಡಾಕ್ಟರು ನಕ್ಕರು. ಒಂದು ವಾರ ಕಳೆದು ಕೆಸರೆಯ ನಿನ್ನ ಮನೆಗೆ ಬಂದರೆ ನೀನು ಬೇರೆಯೇ ಹೆಂಗಸು. ಕಣ್ಣಲ್ಲಿ ಕೆಂಪಿಲ್ಲ, ತಲೆನೋವೆಂದು ತಲೆಗೆ ಪಟ್ಟಿ ಕಟ್ಟಿಲ್ಲ. ಒಲೆ ಮುಂದೆ ಕೂತು ಸುಮ್ಮನೆ ಹಾಡಿಕೊಳ್ಳುತ್ತಿದ್ದೆ.

ಸುಡುಗಾಡಿನ ಜಾಥಾಕ್ಕೆ ಹೊರಡುವ ಮುಂಚೆ ಡಾಕ್ಟರು ಹೇಳಿದ್ದನ್ನೆಲ್ಲ ನೀನು ತಲೆಯಾಡಿಸಿ ಕೇಳಿಸಿಕೊಂಡೆ. ನಮ್ಮವರ ಹೆಣ ಹೂಳಲು ಜಾಗವಿಲ್ಲದ ಹಳ್ಳಿಗಳ ಜಾಥಾ ಅದು, ನೆನಪಿದೆಯಲ್ಲ. ಗಾಳಿಗೆ ತೇವ ಕೊಡುವ ಮಿಷನ್ನಿನ ನೀರಿನ ತೊಟ್ಟಿ ಖಾಲಿ ಮಾಡಿ ಒಣಗಿಸಿ ಚೀಲಕ್ಕೆ ತುಂಬಬೇಕು, ಇಲ್ಲದಿದ್ದರೆ ನೀರು ಮೋಟರಿಗೆ ಇಳಿಯುತ್ತದೆ. ಮಾಸ್ಕು ಗಟ್ಟಿ ಡಬ್ಬಿಯಲ್ಲಿ. ಕೊಳವೆ ಮಡಿಸಬಾರದು. ಬಿಸಿ ತಾಗಬಾರದು. ಮಿಷನ್ನು ಯಾವತ್ತೂ ತೊಡೆಯ ಮೇಲೆ. ಆದರೆ ನಮ್ಮ ಲಾರಿಯಲ್ಲಿ ತೊಡೆ ಎಲ್ಲಿತ್ತು ಅಕ್ಕಾ? ಎಲ್ಲರ ಚೀಲ ಒಂದೇ ರಾಶಿ, ಅದರ ಮೇಲೆ ನಾವು. ನಾಯಕರದೂ ಅದೇ ರಾಶಿ, ಅಡುಗೆಯವಳದೂ ಅದೇ ರಾಶಿ. ಅದು ನಮ್ಮ ಹೆಮ್ಮೆ. ಆ ಹೆಮ್ಮೆಯ ಮುಂದೆ ಒಂದು ಪೆಟ್ಟಿಗೆ ಹಿಡಿದು "ಇದನ್ನ ಹುಷಾರಾಗಿಡಿ" ಅನ್ನಲು ನಿನಗೆ ಬಾಯಿ ಬರಲಿಲ್ಲ. ಡಿ.ಸಿ. ಎದುರು ಮೇಜು ಕುಟ್ಟಿ ಮಾತಾಡಿದ ಬಾಯಿ ಅದು.

ಲಾರಿ ಹತ್ತುವಾಗ ನಿನ್ನ ಕಂಕುಳಲ್ಲಿ ತಮಟೆ ಚೀಲ ಕಂಡು ನನಗೆ ಆಶ್ಚರ್ಯ. ತಮಟೆ ಬಡಿಯುವ ಸಿದ್ದಯ್ಯಣ್ಣನ ಹಳೇ ಚೀಲ. ಅವನ ಹೆಂಡತಿಯಿಂದ ನೀನು ಈಸಿಕೊಂಡಿದ್ದೆ. ಒಳಗೆ ನಿನ್ನ ಮಿಷನ್ನು, ಸುತ್ತ ಎರಡು ಸೀರೆ, ಮೇಲೆ ಮಾಸ್ಕು. "ನಮ್ಮೋರು ಎಂಥಾ ಚೀಲನಾದ್ರೂ ಎಸಿತಾರೆ, ತಮಟೆ ಚೀಲ ಎಸಿಯಾಕಿಲ್ಲ. ಯಾರ್ಗೂ ಯೋಳ್ಬೇಡ" ಅಂದೆ. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು. ದಾರಿಯುದ್ದಕ್ಕೂ ಆ ಚೀಲ ಕೈಯಿಂದ ಕೈಗೆ ಮಗುವಿನಂತೆ ದಾಟಿತು. ಸಿದ್ದಯ್ಯಣ್ಣ ತನ್ನ ಹೆಂಡತಿ ಎರಡನೇ ತಮಟೆ ಕಳಿಸಿದ್ದಾಳೆ ಅಂದುಕೊಂಡ. ಮೊದಲ ಎರಡು ಹಳ್ಳಿಗಳಲ್ಲಿ, ಎಲ್ಲರೂ ಮಲಗಿದ ಮೇಲೆ ನೀನು ಪ್ಲಗ್ಗು ಹುಡುಕಿ, ಸೆರಗು ಮುಚ್ಚಿಕೊಂಡು ಮಾಸ್ಕು ಹಾಕಿಕೊಂಡೆ. ಕದ್ದು ಉಸಿರಾಡಿದೆ.

ಮೂರನೇ ಹಳ್ಳಿಗೆ ಸಂಜೆ ಹೋಗಿ ಇಳಿದಾಗ ತುಂತುರು ಬಿದ್ದು ಚೀಲಗಳೆಲ್ಲ ಒದ್ದೆ. ಸಿದ್ದಯ್ಯಣ್ಣ ಸೋಗೆ ಸುಟ್ಟು ತಮಟೆ ಕಾಯಿಸಲು ಕೂತ. ಚರ್ಮ ತಂಪು ಹಿಡಿದರೆ ನಾದ ಹೊರಡುವುದಿಲ್ಲ, ಅದು ಅವನ ಜೀವ. ಎರಡನೆಯದೂ ಸಡಿಲವಾದೀತೆಂದು ಆ ಚೀಲವನ್ನು ಬಿಚ್ಚದೆ ಬೆಂಕಿಗೆ ಒರಗಿಸಿದ. ಒಂದು ಮಗ್ಗುಲು ಕಾದ ಮೇಲೆ ಇನ್ನೊಂದು ಮಗ್ಗುಲು ತಿರುಗಿಸಿಟ್ಟ. ಎಷ್ಟು ಪ್ರೀತಿಯಿಂದ ತಿರುಗಿಸಿದ ಅಂತೀಯಾ. ಪ್ಲಾಸ್ಟಿಕ್ಕಿನ ವಾಸನೆ ಬಂದು ನಾನು ಓಡಿ ಬಿಚ್ಚುವಷ್ಟರಲ್ಲಿ ಮಿಷನ್ನಿನ ಒಂದು ಮೂಲೆ ಸೊಟ್ಟಗಾಗಿತ್ತು, ಮಾಸ್ಕು ಮುದ್ದೆಯಾಗಿತ್ತು. ಮಾಸ್ಕಿಲ್ಲದೆ ಮಿಷನ್ನು ಬರೀ ಪೆಟ್ಟಿಗೆ. ನೀನು ಆ ಮುದ್ದೆಯನ್ನು ಕೈಯಲ್ಲಿ ಹಿಡಿದು, "ಸಿದ್ದಯ್ಯಣ್ಣ, ತಮಟೆ ಅಂದ್ಕೊಂಡು ನನ್ ಮೂಗ್ನೇ ಕಾಯಿಸ್ಬುಟ್ಟಲ್ಲಪ್ಪ" ಅಂದೆ. ಎಲ್ಲರೂ ನಕ್ಕರು. ಏನೆಂದು ತಿಳಿದ ಮೇಲೆ ಅವನು ನಗಲಿಲ್ಲ. "ಒಂದ್ ಮಾತ್ ಯೋಳ್ಬಾರ್ದಾಗಿತ್ತಾ ಕಣವ್ವ? ಎದೆ ಮ್ಯಾಲೆ ಮಡಿಕ್ಕಂಡ್ ಬತ್ತಿದ್ದೆ" ಅಂದ.

ಬೆಳಗಿನ ಬಸ್ಸಿಗೆ ಮೈಸೂರಿಗೆ ವಾಪಸ್ ಹೋಗು ಎಂದು ನಾನು ಜಗಳ ತೆಗೆದೆ. ನೀನು ಕೇಳಿದ್ದು ಒಂದೇ ಮಾತು: "ಸತ್ತೋರ್ಗೆ ಜಾಗ ಕೇಳಕ್ ಬಂದು, ನಿದ್ದೆ ಬರಾಕಿಲ್ಲ ಅಂತ ವಾಪಸ್ ಓಗ್ಲಾ?" ಈಗ ನನಗೆ ದಿನಕ್ಕೊಂದು ಉತ್ತರ ಹೊಳೆಯುತ್ತದೆ, ಆದರೆ... ಮಲಗಿದರೆ ಉಸಿರು ಕಟ್ಟುತ್ತದೆಂದು ಉಳಿದ ರಾತ್ರಿಗಳನ್ನು ನೀನು ಕಂಬಕ್ಕೆ ಒರಗಿ ಕಳೆದೆ. ಕೊನೆಯ ಹಳ್ಳಿಯಲ್ಲಿ ಭಾಷಣ ನಡೆಯುವಾಗ ವೇದಿಕೆಯ ಮೇಲೆಯೇ ನಿನ್ನ ತಲೆ ವಾಲಿತು. ಜನರ ನಡುವಿನಿಂದ ಒಬ್ಬ, "ಅಕ್ಕ ಆಗ್ಲೇ ಎಣ್ಣೆ ಬಿಟ್ಕೊಂಡ್ ಬಂದವ್ಳೆ ಕಣ್ರೋ" ಅಂದ. ನೀನು ಕಣ್ಣು ತೆರೆದು ಎದ್ದು ಹಾಡಿದೆ. ಎರಡನೇ ಚರಣಕ್ಕೆ ಗಂಟಲು ಒಡೆಯಿತು. ಹನಿ ಸಾರಾಯಿ ಮುಟ್ಟದ ನಿನಗೆ ಆ ಮಾತು ಕೇಳಿಸಿತ್ತು ಅಂತ ನನಗೆ ಗೊತ್ತು.

ಹೊಸ ಮಾಸ್ಕು ಬಂದ ದಿನ ನೀನು ಅದನ್ನು ಮನೆಯಲ್ಲಿ ಹಾಕಿಕೊಳ್ಳಲು ಒಪ್ಪಿದೆ, ಜಾಥಾಕ್ಕೆ ಒಯ್ಯಲು ಒಪ್ಪಲಿಲ್ಲ. "ಅದು ಮನೇಲಿರ್ಲಿ ಬುಡು." ಮುಂದಿನ ವರ್ಷದ ಜಾಥಾಕ್ಕೆ ಹೋದವಳು ಒಂದು ಸಮುದಾಯ ಭವನದ ಚಾಪೆಯ ಮೇಲಿಂದ ಏಳಲಿಲ್ಲ. ನನಗೆ ಆ ದಿನ ಜ್ವರ, ಪಕ್ಕದಲ್ಲಿ ನಾನಿರಲಿಲ್ಲ. ಹಾರ್ಟು ಅಂದರು. ಇರಬಹುದು. ಮಿಷನ್ನು ಕೆಸರೆಯಲ್ಲಿ ಬೀರುವಿನ ಮೇಲಿತ್ತು. ಹೆಣದ ಮುಂದೆ ಹೋರಾಟದ ಹಾಡು ಹಾಡಿದರು, "ಕೊನೆಯ ಉಸಿರಿನವರೆಗೂ" ಎಂದು ಭಾಷಣ ಮಾಡಿದರು. ನನಗೆ ಮೈಕು ಕಿತ್ತುಕೊಳ್ಳಬೇಕೆನಿಸಿತು. ಯಾವ ಉಸಿರಿನ ಮಾತಾಡುತ್ತಿದ್ದೀರಿ ಸ್ವಾಮಿ? ಕುಡಿಯುವ ನೀರು ಹಕ್ಕು, ಹೂಳುವ ನೆಲ ಹಕ್ಕು, ಸರಿ. ಬದುಕಿರುವ ಹೆಂಗಸಿಗೆ ಗೋಡೆಯಲ್ಲಿ ಒಂದು ಪ್ಲಗ್ಗು, ಲಾರಿಯಲ್ಲಿ ಒಂದು ಮೂಲೆ ಕೇಳಲು ನಾಚಿಕೆಯಾಗುವಂತೆ ನಾವು ಚಳವಳಿ ಕಟ್ಟಿದ್ದೆವಲ್ಲ, ಅದನ್ನು ಯಾವ ಡಿ.ಸಿ.ಗೆ ಮನವಿ ಕೊಡೋಣ? ನಿನ್ನ ಮೇಲೂ ಸಿಟ್ಟಿದೆ ಅಕ್ಕಾ. ದಣಿವನ್ನು ಬಚ್ಚಿಡುವುದೇ ಶೌರ್ಯ ಅಂತ ನಮಗೆಲ್ಲ ಕಲಿಸಿ ಹೋದೆ.

ಹೋದ ತಿಂಗಳು ಕೆಸರೆಯ ಸಭೆಯಲ್ಲಿ ಹೊಸ ಜಾಥಾದ ಮಾತು ಬಂದಾಗ ನಾನು ಎದ್ದು ನಿಂತೆ. ಊಟದ ವ್ಯವಸ್ಥೆ, ಮೈಕಿನ ವ್ಯವಸ್ಥೆ ಆಯಿತು, ನಿದ್ದೆಯದು ಹೇಳಿ ಅಂದೆ. "ನಿದ್ದೆ ಮಾಡಕ್ ಓಗೋದಾ ನಾವು?" ಎಂದು ಹಿಂದಿನಿಂದ ಒಬ್ಬ ಕಿಚಾಯಿಸಿದ. ಸಾಕಮ್ಮಕ್ಕ ಹೇಗೆ ಹೋದಳು ಅಂತ ಮೊದಲಿಂದ ಹೇಳಿದೆ, ಯಾವುದನ್ನೂ ಮುಚ್ಚದೆ. ನಿದ್ದೆಯಲ್ಲಿ ಉಸಿರು ಕಟ್ಟಿ ಏಳುವವರು ಕೈ ಎತ್ತಿ ಅಂದೆ. ಯಾರೂ ಎತ್ತಲಿಲ್ಲ. ಆಮೇಲೆ ಶಾಲೆಯಲ್ಲಿ ಬಿಸಿಯೂಟ ಮಾಡುವ ನಾಗರತ್ನ, ನಿನಗಿಂತ ಕಿರಿಯವಳು, ನೀನು ಹೋದ ಮೇಲೆ ನಿನ್ನ ಹಾಡು ಹೇಳುತ್ತಿರುವವಳು, ಕೈ ಎತ್ತಿದಳು. "ಗೊರ್ಕೆ ಅಂತ ನಮ್ ಮನೇವ್ನು ಪಡಸಾಲೆಗೆ ತಳ್ಳವ್ನೆ ಕಣಕ್ಕ. ಉಸ್ರು ನಿಲ್ತದೆ ಅಂತ ಯಾರೂ ಯೋಳ್ನಿಲ್ಲ." ಅವಳ ಹಿಂದೆ ಇನ್ನೂ ಕೆಲವು ಕೈಗಳು ಎದ್ದವು, ಎಲ್ಲ ಹೆಂಗಸರವೇ. ಅವರನ್ನೆಲ್ಲ ಕರೆದುಕೊಂಡು ಡಾಕ್ಟರ ಬಾಗಿಲಿಗೆ ಹೋದೆ. ಧರಣಿ ಕೂತವರಂತೆ ಕೂತಿದ್ದೆವು. ಪರೀಕ್ಷೆ ಮಾಡಿಸಿದ ಅವರು, ಮಿಷನ್ನು ಮೊದಲು ಬೇಕಾದದ್ದು ನಾಗರತ್ನಳಿಗೆ ಅಂದರು.

ಮಿಷನ್ನನ್ನು ನಿನ್ನ ಮಗಳೇ ಬೀರುವಿನ ಮೇಲಿಂದ ಇಳಿಸಿಕೊಟ್ಟಳು. ಮೋಟರು ಇನ್ನೂ ಗಟ್ಟಿ. ಹೊಸ ಮಾಸ್ಕು ಹಾಕಿ, ಡಾಕ್ಟರು ನಾಗರತ್ನಳ ಉಸಿರಿಗೆ ಒತ್ತಡ ಹೊಂದಿಸಿದರು. ಹೊರಡುವ ದಿನ ನಾನೇ ತುಂಬಿದೆ: ತೊಟ್ಟಿ ಒಣಗಿಸಿ, ಮಾಸ್ಕು ಸ್ಟೀಲ್ ಡಬ್ಬಿಗೆ, ಕೊಳವೆ ಸಡಿಲವಾಗಿ ಸುತ್ತಿ, ಉದ್ದನೆಯ ವೈರು ಜೊತೆಗಿಟ್ಟು. ಚೀಲದ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದೆ, ಉಸಿರಿನ ಮಿಷನ್ನು ಎಂದು. ಟೆಂಪೋದ ಮುಂದಿನ ಸೀಟಿನಲ್ಲಿ ಅದು ತೊಡೆಯಿಂದ ತೊಡೆಗೆ ಹೋಯಿತು. ಹಳ್ಳಿಯಲ್ಲಿ ಇಳಿದ ಕೂಡಲೇ ಮೈಕಿನವನಿಗಿಂತ ಮುಂಚೆ ನಾವು ಪ್ಲಗ್ಗು ಕೇಳಿದೆವು. ಕೊಟ್ಟರು ಅಕ್ಕಾ. ಕೇಳಿದ್ದಕ್ಕೆ ಕೊಟ್ಟರು, ಅಷ್ಟೇ.

ಮಾರನೇ ಬೆಳಿಗ್ಗೆ ಮೆರವಣಿಗೆಗೆ ಎಲ್ಲರೂ ಸಾಲು ನಿಂತಾಗ ನಾಗರತ್ನ ಇಲ್ಲ. ಹಾಡು ಶುರು ಮಾಡಬೇಕಾದವಳು ಅವಳೇ. ಒಳಗೆ ಹೋಗಿ ನೋಡಿದರೆ ಬಿಸಿಲು ಕಾಲ ಮೇಲೆ ಬಿದ್ದಿದೆ, ಮಿಷನ್ನು ಸಣ್ಣಗೆ ಸದ್ದು ಮಾಡುತ್ತಿದೆ, ಅವಳ ಎದೆ ಏರಿಳಿಯುತ್ತಿದೆ. ನಾನು ಬಾಗಿಲು ಮುಂದೆ ಮಾಡಿ ಹೊರಗೆ ಬಂದು, ನಿದ್ದೆಯಲ್ಲಿದ್ದಾಳೆ ಎಂದು ಹೇಳಿದೆ. ಯಾರೂ ಗೊಣಗಲಿಲ್ಲ. ಬಾರದ ದನಿಯಲ್ಲಿ ಹಾಡನ್ನು ನಾನೇ ಎತ್ತಿಕೊಂಡೆ, ಮೆರವಣಿಗೆ ಹೊರಟಿತು. ಅವಳನ್ನು ಯಾರೂ ಎಬ್ಬಿಸಲಿಲ್ಲ.